ಕಾಲಿನ ಜೋಮು, ಹೊಟ್ಟೆಯ ದೋಷ

"ಕಾಲಾಗ ಇರುವಿ ಹರದಾಡಿದಾಂಗ ಆಗತೈತಿ" ಎಂದು ನನ್ನ ಅವ್ವ ಹೇಳಿದಾಗ ನಾವು ಮಿರಜಿನ ಒಂದು ದವಾಖಾನೆಯಲ್ಲಿ ವೈದ್ಯರ ಮುಂದೆ ಕುಳಿತಿದ್ದೆವು. ಬೆಳಗಿನ ಬಸ್ಸಿಗೆ ಲಿಂಗನೂರಿನಿಂದ ಹೊರಟು ಬಂದಿದ್ದೆವು. ವೈದ್ಯರು ಮರಾಠಿಯಲ್ಲಿ ಕೇಳುತ್ತಿದ್ದರು, ಅವ್ವ ಕನ್ನಡದಲ್ಲಿ ಉತ್ತರಿಸುತ್ತಿದ್ದಳು, ನಡುವೆ ದುಭಾಷಿಯಾಗಿ ಕುಳಿತವನು ನಾನು. ಹೊರಗೆ ರೋಗಿಗಳ ಸಾಲು ಬೆಳೆದಿತ್ತು. ಹನ್ನೊಂದಕ್ಕೆ ನನಗೆ ನ್ಯಾಯಾಲಯದಲ್ಲಿ ಒಂದು ದಾವೆಯ ವಿಚಾರಣೆಯಿತ್ತು. "ಪಾಯ ದುಖತಾತ" ಎಂದು ಎರಡೇ ಶಬ್ದಗಳಲ್ಲಿ ಮುಗಿಸಿದೆ. ಕಾಲು ನೋಯುತ್ತವೆ ಎಂದು ಅದರ ಅರ್ಥ. ಅವರು ನೋವಿನ ಮಾತ್ರೆ ಬರೆದುಕೊಟ್ಟರು. ತಪ್ಪು ಅವರದಾಗಿರಲಿಲ್ಲ. ಅವರ ಮುಂದೆ ಬಂದ ಹೇಳಿಕೆಯೇ ತಪ್ಪಾಗಿತ್ತು.

ಅವ್ವನಿಗೆ ನೋವಿರಲಿಲ್ಲ, ಜೋಮು ಇತ್ತು. ವಿಚಿತ್ರವೆಂದರೆ ಮರಾಠಿಯಲ್ಲಿಯೂ ಜೋಮಿಗೆ "ಮುಂಗ್ಯಾ ಯೇಣೆ" ಎಂದೇ ಹೇಳುತ್ತಾರೆ. ಇರುವೆ ಬರುವುದು ಎಂದು ಅದರ ಅಕ್ಷರಶಃ ಅರ್ಥ. ಅವ್ವನ ಮಾತನ್ನು ಇದ್ದಂತೆಯೇ ದಾಟಿಸಿದ್ದರೆ ಸಾಕಾಗಿತ್ತು. ಎರಡೂ ಭಾಷೆಗಳು ಕಂಡಿದ್ದ ಅದೇ ಇರುವೆಯನ್ನು ನಾನು ನಡುದಾರಿಯಲ್ಲಿ ಕಳೆದೆ.

ಅದರ ಪರಿಣಾಮ ಒಂದೂವರೆ ವರ್ಷ ನಡೆಯಿತು. ನೋವಿನ ಮಾತ್ರೆಯಿಂದ ಅವ್ವನ ಹೊಟ್ಟೆಯಲ್ಲಿ ಉರಿ ಹೆಚ್ಚಿತು. ಉರಿಗೆಂದು ಔಷಧ ಅಂಗಡಿಯಿಂದ ಆಮ್ಲ ತಗ್ಗಿಸುವ ಮಾತ್ರೆಗಳನ್ನು ನಾವೇ ತಂದು ಕೊಟ್ಟೆವು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮೊದಲೇ ಹತ್ತು ವರ್ಷಗಳಿಂದ ನಡೆದಿತ್ತು. ಮನೆಯಲ್ಲಿ ತಲೆತಲಾಂತರದಿಂದ ಶಾಕಾಹಾರ. ಜೋಳದ ರೊಟ್ಟಿ, ಪಲ್ಯ, ಬೇಳೆ, ಶೇಂಗಾ ಚಟ್ನಿ. ಹಾಲು ಡೇರಿಗೆ ಹೋದ ಮೇಲೆ ಉಳಿದದ್ದು ಚಹಾಕ್ಕೆ. ಕೊನೆಗೆ ಅವ್ವ ಕತ್ತಲಲ್ಲಿ ಹಿತ್ತಿಲಿಗೆ ಹೋಗುವಾಗ ಎರಡು ಸಲ ಬಿದ್ದಳು. ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡತೊಡಗಿದಳು. ಆಗ ಬೇರೊಬ್ಬ ವೈದ್ಯರು ಅವಳ ಬೆರಳ ಗೆಣ್ಣುಗಳು ಕಪ್ಪಾಗಿರುವುದನ್ನೂ ನಾಲಿಗೆ ಕೆಂಪಗೆ ನುಣುಪಾಗಿರುವುದನ್ನೂ ನೋಡಿ, ಕಂಪಿಸುವ ಕವೆಗೋಲನ್ನು ಕಾಲ ಹೆಬ್ಬೆರಳಿಗೆ ಒತ್ತಿ, "ಕಂಪನ ತಿಳಿಯುತ್ತದೆಯೆ?" ಎಂದು ಕೇಳಿದರು. ತಿಳಿಯುತ್ತಿರಲಿಲ್ಲ. ರಕ್ತದಲ್ಲಿ ಬಿ12 ಜೀವಸತ್ವ ತಳ ಕಂಡಿತ್ತು.

ನಾನು ವೈದ್ಯಕೀಯ ಓದಿದವನಲ್ಲ. ಆದರೆ ಕಡತ ಯಾವ ಮೇಜಿನಲ್ಲಿ ನಿಂತಿದೆ ಎಂದು ಹುಡುಕುವುದು ನನ್ನ ವೃತ್ತಿ. ಆ ರೀತಿಯಲ್ಲೇ ಈ ವಿಷಯವನ್ನು ಕೇಳಿ, ಓದಿ, ತಿಳಿದುಕೊಂಡೆ. ನಮ್ಮ ಮನೆಗಳಲ್ಲಿ ನಿಶ್ಶಕ್ತಿ ಎಂದ ಕೂಡಲೇ "ಸರಿಯಾಗಿ ಉಣ್ಣುವುದಿಲ್ಲ" ಎಂಬ ತೀರ್ಪು ಹೊರಬೀಳುತ್ತದೆ. ಉಂಡದ್ದು ರಕ್ತಕ್ಕೆ ಸೇರಿತೆ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಯಾರೂ ಕೇಳುವುದಿಲ್ಲ.

ಬಿ12ರ ದಾರಿಯನ್ನೇ ನೋಡೋಣ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಕಾಳು, ಕಾಯಿಪಲ್ಯೆಗಳಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಜಠರದ ಆಮ್ಲವು ಮೊದಲು ಅದನ್ನು ಪ್ರೋಟೀನಿನಿಂದ ಬಿಡಿಸಬೇಕು. ಜಠರದ ಗೋಡೆಯೇ ಸ್ರವಿಸುವ ಒಂದು ವಿಶೇಷ ಪ್ರೋಟೀನು ಸಣ್ಣ ಕರುಳಿನಲ್ಲಿ ಅದರ ಕೈ ಹಿಡಿಯಬೇಕು. ಇಬ್ಬರೂ ಕೂಡಿ ಸಣ್ಣ ಕರುಳಿನ ಕಟ್ಟಕಡೆಯ ಭಾಗದವರೆಗೆ ಪ್ರಯಾಣ ಮಾಡಿದ ಮೇಲೆಯೇ ರಕ್ತದ ಬಾಗಿಲು ತೆರೆಯುತ್ತದೆ. ಈ ದಾರಿಯಲ್ಲಿ ಎಲ್ಲಿಯೂ ತಡೆಯಾಗಬಹುದು. ಆಮ್ಲ ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳನ್ನು ವರ್ಷಗಟ್ಟಲೆ ನುಂಗಿದರೆ ಮೊದಲ ಮೇಜಿನಲ್ಲಿ ಕಡತ ನಿಲ್ಲುತ್ತದೆ. ಜಠರದ ಒಳಪದರವು ಹಳೆಯ ಉರಿಯೂತದಿಂದ ಸವೆದಿದ್ದರೆ ಕೈ ಹಿಡಿಯುವ ಪ್ರೋಟೀನೇ ಇರುವುದಿಲ್ಲ. ಮೆಟ್‌ಫಾರ್ಮಿನ್ ಕೊನೆಯ ಬಾಗಿಲಿನಲ್ಲಿ ಅಡ್ಡಿಯಾಗುತ್ತದೆ. ದೀರ್ಘಕಾಲ ಅದನ್ನು ತೆಗೆದುಕೊಳ್ಳುವವರು ಆಗಾಗ ಬಿ12 ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಅಮೆರಿಕದ ಮಧುಮೇಹ ಸಂಘವೂ ಹೇಳಿದೆ. ಅವ್ವನ ವಿಷಯದಲ್ಲಿ ಊಟದಲ್ಲಿಯೇ ಬಿ12 ಕಡಿಮೆ, ಮೇಲೆ ಎರಡು ಕಡೆ ತಡೆ. ಹಾಗೆಂದು ಈ ಲೇಖನ ಓದಿ ಯಾರೂ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಾರದು. ಬಿಡಬೇಕಾದದ್ದು ಪರೀಕ್ಷೆಯನ್ನು ಮುಂದೂಡುವ ಚಾಳಿಯನ್ನು.

ಇನ್ನೊಂದು ಸಂಗತಿ ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ದೇಹಕ್ಕೆ ದಿನಕ್ಕೆ ಬೇಕಾದ ಬಿ12 ಸುಮಾರು 2 ಮೈಕ್ರೋಗ್ರಾಂ, ಅಂದರೆ 1 ಗ್ರಾಮಿನ 10 ಲಕ್ಷ ಪಾಲುಗಳಲ್ಲಿ ಎರಡು. ಯಕೃತ್ತು ಕೆಲವು ವರ್ಷಗಳಿಗಾಗುವಷ್ಟು ದಾಸ್ತಾನು ಇಟ್ಟುಕೊಂಡಿರುತ್ತದೆ. ಆದುದರಿಂದ ಇಂದು ತಡೆ ಉಂಟಾದರೆ ಲಕ್ಷಣ ಕಾಣುವುದು ಎರಡು, ಮೂರು, ಕೆಲವೊಮ್ಮೆ ಐದು ವರ್ಷಗಳ ನಂತರ. ಅಷ್ಟರಲ್ಲಿ ಕಾರಣವನ್ನು ಎಲ್ಲರೂ ಮರೆತಿರುತ್ತಾರೆ. ಕರುಳಿನ ಶಸ್ತ್ರಚಿಕಿತ್ಸೆ ಯಾವಾಗ ಆಯಿತು, ಆಮ್ಲದ ಮಾತ್ರೆ ಯಾವಾಗ ಶುರುವಾಯಿತು ಎಂಬ ದಿನಾಂಕಗಳನ್ನು ಒಂದು ವಹಿಯಲ್ಲಿ ಬರೆದಿಡುವುದು ಅದಕ್ಕಾಗಿಯೇ ಒಳ್ಳೆಯದು.

ಪರೀಕ್ಷೆಯ ವರದಿಯ ಬಗ್ಗೆ ಎರಡು ಮಾತು. ರಕ್ತದ ಸಾಮಾನ್ಯ ತಪಾಸಣೆಯಲ್ಲಿ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಕಾಗದ ಮಡಚುವವರೇ ಹೆಚ್ಚು. ಅದರ ಕೆಳಗೆ ಎಂ.ಸಿ.ವಿ. ಎಂಬ ಸಾಲಿರುತ್ತದೆ, ಕೆಂಪು ರಕ್ತಕಣದ ಸರಾಸರಿ ಗಾತ್ರ ಅದು. ವಯಸ್ಕರಲ್ಲಿ 80ರಿಂದ 100ರವರೆಗೆ ಸಹಜ. ಕಬ್ಬಿಣ ಕಡಿಮೆಯಾದರೆ ಕಣಗಳು ಕುಗ್ಗುತ್ತವೆ. ಬಿ12 ಅಥವಾ ಫೋಲಿಕ್ ಆಮ್ಲ ಕಡಿಮೆಯಾದರೆ ಹಿಗ್ಗುತ್ತವೆ. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಎರಡೂ ಕೊರತೆ ಒಟ್ಟಿಗಿರುವುದರಿಂದ ಒಂದು ಎಡಕ್ಕೆ, ಒಂದು ಬಲಕ್ಕೆ ಎಳೆದು ಸರಾಸರಿ ಸಹಜವೆಂದೇ ಕಾಣಿಸಿಬಿಡುತ್ತದೆ. ಎರಡು ಸುಳ್ಳು ಸಾಕ್ಷಿಗಳು ಸೇರಿ ಒಂದು ಸತ್ಯದಂತೆ ತೋರುವ ಪ್ರಸಂಗ ನ್ಯಾಯಾಲಯದಲ್ಲಿಯೂ ಉಂಟು. ಅಲ್ಲಿ ಪಾಟೀಸವಾಲು ಇದೆ, ಇಲ್ಲಿ ಆರ್.ಡಿ.ಡಬ್ಲ್ಯೂ. ಎಂಬ ಇನ್ನೊಂದು ಸಾಲು ಇದೆ. ಕಣಗಳು ಒಂದಕ್ಕೊಂದು ಎಷ್ಟು ಭಿನ್ನ ಗಾತ್ರದವು ಎಂದು ಅದು ಹೇಳುತ್ತದೆ. ಅದು ಏರಿದ್ದರೆ ವೈದ್ಯರು ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಬಹುದು, ಕಬ್ಬಿಣದ ದಾಸ್ತಾನಿಗೆ ಫೆರಿಟಿನ್ ಪರೀಕ್ಷೆ, ನೇರವಾಗಿ ಬಿ12 ಪರೀಕ್ಷೆ ಬರೆಯಬಹುದು. ಬಿ12 ಸಾಮಾನ್ಯವಾಗಿ ಮಿಲಿಲೀಟರಿಗೆ 200 ಪಿಕೋಗ್ರಾಮಿಗಿಂತ ಕಡಿಮೆಯಿದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದರೆ ಸಂಶಯ, ಆಗ ಬೇರೆ ಪರೀಕ್ಷೆಗಳ ಬೆಂಬಲ ಬೇಕು. ಮುಖ್ಯವಾದದ್ದು: ರಕ್ತ ಕೊಡುವ ಮೊದಲೇ ಶಕ್ತಿಯ ಇಂಜೆಕ್ಷನ್ ಮಾಡಿಸಿಕೊಂಡರೆ ವರದಿ ಚೆನ್ನಾಗಿ ಬರುತ್ತದೆ, ರೋಗ ಒಳಗೇ ಉಳಿಯುತ್ತದೆ. ನಮ್ಮ ಊರುಗಳಲ್ಲಿ ಕೆಂಪು ನೀರಿನ ಆ ಇಂಜೆಕ್ಷನ್ನಿಗೆ ಇರುವ ಭಕ್ತಿ ಎಲ್ಲರಿಗೂ ಗೊತ್ತು.

ಇನ್ನು ಮಕ್ಕಳ ವಿಷಯ. ಇಲ್ಲಿ ಪಾಲಕರು ಮತ್ತು ಗುರುಗಳು ತುಸು ನಿಧಾನವಾಗಿ ಓದಬೇಕೆಂದು ವಿನಂತಿ. ನನ್ನ ತಂಗಿಯ ಮಗಳು ಮೂರನೆಯ ಇಯತ್ತೆಯಲ್ಲಿದ್ದಾಗ ಪಾಟಿಗೆ ಕೊಟ್ಟ ಬಳಪ ವಾರದೊಳಗೆ ಮುಗಿಯುತ್ತಿತ್ತು. ಹುಡುಗಿ ಬಹಳ ಬರೆಯುತ್ತಾಳೆಂದು ಹೆಮ್ಮೆಪಟ್ಟೆವು. ಅವಳು ಅದನ್ನು ತಿನ್ನುತ್ತಿದ್ದಳು. ಬಳಪ, ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನುವ ಬಯಕೆ ಹಲವು ಸಲ ಕಬ್ಬಿಣದ ಕೊರತೆಯ ಗುರುತು. ಹೊಡೆತದಿಂದ ಹೋಗುವ ದುರಭ್ಯಾಸವಲ್ಲ. ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8 ಗ್ರಾಂ ಇತ್ತು. 5ರಿಂದ 11 ವರ್ಷದ ಮಗುವಿಗೆ 11.5 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಮಲಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಸಿಕ್ಕವು. ಬರಿಗಾಲಲ್ಲಿ ಹೊಲದಲ್ಲಿ ನಡೆಯುವ ಮಗುವಿನ ಪಾದದ ಚರ್ಮದ ಮೂಲಕ ಈ ಹುಳು ಒಳಸೇರಿ, ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ಊಟ ಎಷ್ಟು ಹೆಚ್ಚಿಸಿದರೂ ಸೋರುವ ಕೊಡಕ್ಕೆ ನೀರು ಹಾಕಿದಂತೆ. ಪ್ರತಿವರ್ಷ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಪಾಲಕರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ತಿಂಗಳುಗಟ್ಟಲೆ ನಿಲ್ಲದ ಭೇದಿ, ಎಣ್ಣೆಯಂತೆ ಜಿಡ್ಡಾಗಿ ತೇಲುವ ಮಲ, ಉಬ್ಬಿದ ಹೊಟ್ಟೆ, ಸಣಕಲು ಕೈಕಾಲು, ಎರಡು ವರ್ಷಗಳಿಂದ ಅದೇ ಅಳತೆಯ ಸಮವಸ್ತ್ರ, ಇವು ಕರುಳು ಹೀರಿಕೊಳ್ಳುತ್ತಿಲ್ಲವೆಂಬ ಸೂಚನೆ. ಜಿಡ್ಡಿನೊಡನೆ ಎ ಮತ್ತು ಡಿ ಜೀವಸತ್ವಗಳೂ ಹೊರಹೋಗುತ್ತವೆ. ಇರುಳುಗಣ್ಣು, ಮೂಳೆನೋವು ಅದರ ಫಲ. ಕೆಲವರಿಗೆ ಗೋಧಿಯ ಪ್ರೋಟೀನೇ ಕರುಳಿನ ಪದರವನ್ನು ಕೆಡಿಸುತ್ತದೆ. ಜೋಳ, ಸಜ್ಜೆಗಳಲ್ಲಿ ಆ ದೋಷವಿಲ್ಲ. ಆದರೆ ಬಿಸ್ಕೀಟು, ಪಾವು, ಚಪಾತಿ ನಮ್ಮ ಮನೆಗಳಿಗೂ ಬಂದಾಗಿದೆ. ರಕ್ತಪರೀಕ್ಷೆ, ಅನಂತರ ದುರ್ಬೀನಿನಿಂದ ಕರುಳಿನ ತುಣುಕಿನ ಪರೀಕ್ಷೆ, ಇವೆರಡೂ ಆಗುವವರೆಗೆ ಗೋಧಿಯನ್ನು ಬಿಡಿಸಬಾರದು, ಬಿಡಿಸಿದರೆ ಪುರಾವೆ ಅಳಿಸಿಹೋಗುತ್ತದೆ. ಮಲದಲ್ಲಿ ರಕ್ತ, ನಿದ್ರೆಯಿಂದ ಎಬ್ಬಿಸುವ ಭೇದಿ, ತೂಕ ಇಳಿಯುವುದು ಕಂಡರೆ ಮನೆಮದ್ದಿನಲ್ಲಿ ಒಂದು ದಿನವನ್ನೂ ಕಳೆಯಬಾರದು. ಕಬ್ಬಿಣದ ಮಾತ್ರೆ ನುಂಗಿದಾಗ ಮಲ ಕಪ್ಪಾಗುವುದು ಮಾತ್ರ ಸಹಜ. ಅದಕ್ಕೆ ಹೆದರಿ ಮಾತ್ರೆ ನಿಲ್ಲಿಸುವುದು ಬೇಡ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ. ಅದು ಬೇಕಾದದ್ದೇ, ಊಟವಾದ ಮೇಲೆ ನುಂಗಿಸಬೇಕು. ಈ ಫೋಲಿಕ್ ಆಮ್ಲದ ಕಥೆ ಮಹಾರಾಷ್ಟ್ರದಲ್ಲಿಯೇ ಆರಂಭವಾಯಿತೆಂದು ನನಗೆ ಗೊತ್ತಿರಲಿಲ್ಲ. 1928ರಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುವುದನ್ನು ಕಂಡುಹಿಡಿದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿ ಅಡಗಿದ್ದದ್ದು ಫೋಲಿಕ್ ಆಮ್ಲ. ಅದನ್ನು 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಅವರ ಇಬ್ಬರು ಸಹೋದರರು ತೀರಿಹೋದದ್ದು ಸ್ಪ್ರೂ ಎಂಬ ಕರುಳಿನ ರೋಗದಿಂದ, ಆಹಾರ ಹೀರಿಕೊಳ್ಳಲಾಗದೆ ದೇಹ ಸೊರಗುವ ರೋಗ.

ಆದರೆ ನೀಲಿ ಮಾತ್ರೆಯಲ್ಲಿ ಬಿ12 ಇಲ್ಲ. ಬಿ12 ಕೊರತೆಯುಳ್ಳವರಿಗೆ ಫೋಲಿಕ್ ಆಮ್ಲವನ್ನಷ್ಟೇ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಸದ್ದಿಲ್ಲದೆ ಮುಂದುವರಿಯುತ್ತದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಸಂಗಡಿಗರು 1993ರಿಂದ ಪುಣೆ ಸಮೀಪದ ಆರು ಹಳ್ಳಿಗಳ ಬಸುರಿಯರನ್ನೂ ಅವರ ಮಕ್ಕಳನ್ನೂ ಅಧ್ಯಯನ ಮಾಡುತ್ತ ಬಂದರು. ಮೂರರಲ್ಲಿ ಎರಡು ಪಾಲು ತಾಯಂದಿರಿಗೆ ಬಿ12 ಕಡಿಮೆಯಿತ್ತು. ಫೋಲಿಕ್ ಆಮ್ಲ ಕಡಿಮೆಯಿದ್ದವಳು ಒಬ್ಬಳೇ. ಬಿ12 ಕಡಿಮೆ, ಫೋಲಿಕ್ ಹೆಚ್ಚು ಇದ್ದ ತಾಯಂದಿರ ಮಕ್ಕಳ ದೇಹದಲ್ಲಿ ಆರನೆಯ ವಯಸ್ಸಿಗೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂದು 2008ರಲ್ಲಿ ಅವರು ವರದಿ ಮಾಡಿದರು. 2016-18ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ಶೇ. 31ರಷ್ಟು ಮಕ್ಕಳಿಗೆ ಬಿ12 ಕೊರತೆ ಕಂಡಿತು. ಕೊರತೆಯುಳ್ಳ ತಾಯಿಯ ಹಾಲನ್ನಷ್ಟೇ ಕುಡಿಯುವ ಕೂಸು ಬಿಳಿಚಿಕೊಂಡು, ಚರ್ಮ ಕಪ್ಪಾಗಿ, ಕಲಿತ ನಗುವನ್ನೂ ಕತ್ತು ನಿಲ್ಲಿಸುವುದನ್ನೂ ಮರೆತು, ನಡುಗತೊಡಗುವುದುಂಟು. ಅದನ್ನು ದೃಷ್ಟಿಯಾಯಿತೆಂದು ತಿಳಿಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ನಾನಂತೂ ಮನೆಯಲ್ಲಿ ಒಂದು ನಿಯಮ ಮಾಡಿದ್ದೇನೆ: ಡೇರಿಯ ಕ್ಯಾನು ತುಂಬುವ ಮೊದಲು ಮನೆಯ ಪಾಲು ತೆಗೆದಿಡಬೇಕು. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ ಮೊಸರು.

ಕೊನೆಗೆ ನನ್ನ ತಪ್ಪಿಗೆ ಮರಳುತ್ತೇನೆ. ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 279ನೆಯ ಕಲಂ ಹೇಳುತ್ತಿತ್ತು. ಈಗಿನ ಹೊಸ ಕಾನೂನಿನಲ್ಲಿಯೂ ಅದು ಉಳಿದಿದೆ. ದವಾಖಾನೆಯಲ್ಲಿ ಅಂಥ ಕಲಂ ಇಲ್ಲ. 1894ರಲ್ಲಿ ಡಾ. ವಾನ್ಲೆಸ್ ಮಿರಜಿನಲ್ಲಿ ಆಸ್ಪತ್ರೆ ತೆರೆದ ಕಾಲದಿಂದಲೂ ಬೆಳಗಾವಿ, ವಿಜಯಪುರ ಕಡೆಯ ರೋಗಿಗಳು ಈ ಊರಿಗೆ ಬರುತ್ತಿದ್ದಾರೆ; ಕನ್ನಡ ತಿಳಿದ ವೈದ್ಯರೂ ದಾದಿಯರೂ ಇಲ್ಲಿ ಸಾಕಷ್ಟಿದ್ದಾರೆ, ಕೇಳಿದರೆ ಕರೆಯುತ್ತಾರೆ. ಕೇಳಬೇಕಷ್ಟೆ. ಉಳಿದೆಡೆ ನಮ್ಮ ಮನೆಗಳಲ್ಲಿ ದುಭಾಷಿ ಯಾರು? ಎಂಟನೆಯ ಇಯತ್ತೆಯ ಮಗನೋ ಮಗಳೋ. ಆದ್ದರಿಂದ ತಂಗಿಯ ಮಗಳ ವಹಿಯಲ್ಲಿ ಒಂದು ಪುಟ ಬರೆಸಿದೆ. ಜೋಮಿಗೆ ಮುಂಗ್ಯಾ ಯೇಣೆ, ತಲೆಸುತ್ತಿಗೆ ಚಕ್ಕರ ಯೇಣೆ, ಎದೆಯುರಿಗೆ ಛಾತೀತ ಜಳಜಳ, ಹೊಟ್ಟೆಯುಬ್ಬರಕ್ಕೆ ಪೋಟ ಫುಗಣೆ, ಭೇದಿಗೆ ಜುಲಾಬ, ದಣಿವಿಗೆ ಥಕವಾ. ಅದರ ಕೆಳಗೆ ಅಜ್ಜಿ ನುಂಗುವ ಮಾತ್ರೆಗಳ ಹೆಸರು, ಶುರುವಾದ ವರ್ಷ. ಶಬ್ದ ಸಿಗದಿದ್ದರೆ ಅಜ್ಜಿ ಹೇಳಿದ ಹೋಲಿಕೆಯನ್ನೇ ಹೇಳು, ನೀನಾಗಿ ಅರ್ಥ ಮಾಡಬೇಡ ಎಂದು ಹೇಳಿದ್ದೇನೆ.

ಅವ್ವನಿಗೆ ಮೊದಲು ದಿನ ಬಿಟ್ಟು ದಿನ, ಬಳಿಕ ವಾರಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ ಇಂಜೆಕ್ಷನ್ ನಡೆದಿದೆ. ನೋವಿನ ಮಾತ್ರೆ ನಿಂತಿದೆ. ಆಮ್ಲದ ಮಾತ್ರೆಯನ್ನು ವೈದ್ಯರೇ ಹಂತಹಂತವಾಗಿ ಬಿಡಿಸಿದರು. ನಾಲಿಗೆ ಸರಿಯಾಯಿತು, ಬೆರಳ ಗೆಣ್ಣುಗಳ ಕಪ್ಪು ಕರಗಿತು, ರೊಟ್ಟಿ ಬಡಿಯುವ ಶಕ್ತಿ ಬಂದಿದೆ. ಮೊಣಕಾಲಿನವರೆಗೆ ಹತ್ತಿದ್ದ ಇರುವೆಗಳು ಹರಡಿನವರೆಗೆ ಇಳಿದು ಅಲ್ಲಿಯೇ ನಿಂತಿವೆ. ಒಂದೂವರೆ ವರ್ಷ ಮೊದಲೇ ಬಂದಿದ್ದರೆ ಅವೂ ಹೋಗುತ್ತಿದ್ದವೇನೋ ಎಂದು ವೈದ್ಯರು ಹೇಳಿದರು. ಆ ಮಾತನ್ನು ಅವ್ವನಿಗೆ ಕನ್ನಡದಲ್ಲಿ ಹೇಳುವ ಕೆಲಸವೂ ನನ್ನದೇ ಆಗಿತ್ತು. ಈ ಸಲ ಒಂದು ಶಬ್ದವನ್ನೂ ಬಿಡದೆ ಹೇಳಿದೆ.