ಹಸುವಿನ ಕೊರಳ ತಗ್ಗಿನಲ್ಲಿ ಏನಿದೆ?

ಕರು ಹಾಕಿದ ಒಂದೆರಡು ದಿನಗಳಲ್ಲಿ ಹಾಲುಜ್ವರ ಬಂದು ಮಲಗಿದ ಹಸು, ಪಶುವೈದ್ಯರು ಕೊರಳ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುವುದನ್ನು ತಾವು ಕಂಡಿರಬಹುದು. "ಇಷ್ಟೇ ತಾನೆ" ಎಂದು ಮುಂದಿನ ಸಲ ತಾವೇ ಸೂಜಿ ಹಿಡಿಯುವವರುಂಟು. ಹಾಗೆ ಮಾಡಿ ರಾಸನ್ನು ಕಳೆದುಕೊಂಡವರೂ ಉಂಟು.

ದವಡೆಯ ಹಿಂದಿನಿಂದ ಎದೆಯವರೆಗೆ ಕೊರಳ ಪಕ್ಕದಲ್ಲಿ ಬೆರಳಾಡಿಸಿ ನೋಡಿರಿ, ಉದ್ದನೆಯ ತಗ್ಗು ಸಿಗುತ್ತದೆ. ತಗ್ಗಿನ ಮೇಲಂಚಿನ ಮಾಂಸಖಂಡ ತಲೆಯಿಂದ ಮುಂಗಾಲಿಗೆ ಹೋಗುವುದು. ಎತ್ತು ಹೆಜ್ಜೆ ಮುಂದಿಡುವುದು ಇದರ ಬಲದಿಂದ. ಕೆಳಅಂಚಿನದು ಎದೆಮೂಳೆಯಿಂದ ದವಡೆಗೆ ಏರುತ್ತದೆ. ಇವೆರಡರ ನಡುವೆ, ಚರ್ಮದ ಅಡಿಯಲ್ಲೇ, ತಲೆಯ ರಕ್ತವನ್ನು ಹೃದಯಕ್ಕೆ ಇಳಿಸುವ ದಪ್ಪ ಅಭಿಧಮನಿ ಇದೆ. ಕೆಳಗೆ ಹೆಬ್ಬೆರಳಿನಿಂದ ಒತ್ತಿದರೆ, ತೂಬು ಮುಚ್ಚಿದ ಕಾಲುವೆಯಂತೆ ಮೇಲೆ ತುಂಬಿಕೊಳ್ಳುತ್ತದೆ.

ಅಪಾಯವಿರುವುದು ಇನ್ನೂ ಒಳಗೆ. ಶ್ವಾಸನಾಳದ ಮಗ್ಗುಲಲ್ಲಿ ಮಿದುಳಿಗೆ ರಕ್ತ ಒಯ್ಯುವ ಅಪಧಮನಿ ಇದೆ. ಹೃದಯದ ಬಡಿತವನ್ನೂ ಮೆಲುಕು ಹೊಟ್ಟೆಯ ಚಲನೆಯನ್ನೂ ಹತೋಟಿಯಲ್ಲಿಡುವ ನರ ಅದೇ ಪೊರೆಯೊಳಗೆ ಸಾಗುತ್ತದೆ. ಎಡಗಡೆ ಅನ್ನನಾಳವೂ ಜೊತೆಗೂಡುತ್ತದೆ. ಕೊರಳಿನ ಮೇಲ್ಭಾಗದಲ್ಲಿ ಅಭಿಧಮನಿಗೂ ಅಪಧಮನಿಗೂ ನಡುವೆ ಮಾಂಸದ ಗೋಡೆಯಿದೆ. ಎದೆಯ ಹತ್ತಿರ ಈ ಮರೆ ಇಲ್ಲ. ಕೆಳಗೆ ಆಳವಾಗಿ ಚುಚ್ಚಿದ ಸೂಜಿ ಅಪಧಮನಿಗೆ ಹೊಕ್ಕರೆ, ಔಷಧಿ ನೇರ ಮಿದುಳಿಗೆ ಹೋಗಿ ರಾಸು ಅಲ್ಲೇ ಬಿದ್ದು ಒದ್ದಾಡುತ್ತದೆ. ನಾಳದ ಹೊರಗೆ ಸುರಿದರೆ ಕೊರಳು ಬಾತು ಮಾಂಸ ಕೊಳೆಯಬಹುದು. ಸರಿಯಾದ ನಾಳಕ್ಕೇ ಅವಸರದಿಂದ ಬಿಟ್ಟರೂ ಹೃದಯ ನಿಂತೀತು. ವೈದ್ಯರು ಬಾಟಲಿಯನ್ನು ತಗ್ಗಿಸಿ ಹಿಡಿದು 10-20 ನಿಮಿಷ ತೆಗೆದುಕೊಳ್ಳುವುದು ಸೋಮಾರಿತನದಿಂದಲ್ಲ!

ಅವರು ಬರುವವರೆಗೆ ಹಸುವನ್ನು ಮಗ್ಗುಲಿಗೆ ಉರುಳಲು ಬಿಡದೆ, ಹುಲ್ಲಿನ ಹೊರೆ ಆನಿಸಿ ಎದೆಯ ಮೇಲೆ ಕೂರಿಸಿರಿ. ಗೊಟ್ಟದಲ್ಲಿ ಏನನ್ನೂ ಕುಡಿಸಕೂಡದು. ನುಂಗುವ ಶಕ್ತಿ ಕುಂದಿರುವುದರಿಂದ ಅದು ಪುಪ್ಪುಸಕ್ಕೆ ಇಳಿಯುತ್ತದೆ.

ಸೂಜಿಯ ಮಾತು ಬಿಟ್ಟರೂ ಈ ತಗ್ಗನ್ನು ದಿನವೂ ನೋಡುವುದು ಒಳ್ಳೆಯದು. ಯಾರೂ ಒತ್ತದೆ ನಾಳ ಹಗ್ಗದಂತೆ ಉಬ್ಬಿ ನಿಂತು, ಮುಂಗಾಲುಗಳ ನಡುವೆ ಗಂಗೆದೊಗಲಿನ ಕೆಳಗೆ ನೀರು ತುಂಬಿದ್ದರೆ, ಮೇವಿನೊಡನೆ ನುಂಗಿದ ತಂತಿಯೋ ಮೊಳೆಯೋ ಹೃದಯದ ಚೀಲಕ್ಕೆ ಚುಚ್ಚಿರಬಹುದು. ಎಡಗಡೆ ಗಡ್ಡೆಯಂತೆ ಉಬ್ಬಿ ಜೊಲ್ಲು ಸುರಿಯುತ್ತಿದ್ದರೆ ಮಾವಿನ ಓಟೆಯಂಥದ್ದು ಅನ್ನನಾಳದಲ್ಲಿ ಸಿಕ್ಕಿರಬಹುದು. ಕೋಲಿನಿಂದ ತಳ್ಳಲು ಹೋಗಬೇಡಿರಿ. ಹೊಟ್ಟೆಯೂ ಉಬ್ಬರಿಸತೊಡಗಿದರೆ ತಡಮಾಡದೆ, ರಾತ್ರಿಯಾದರೂ ಸರಿಯೆ, ವೈದ್ಯರನ್ನು ಕರೆತನ್ನಿರಿ.