ಅಂಗಾಲಿನ ಗಂಟು: ಆಣಿಯೋ, ನರಹುಲಿಯೋ? ಮದ್ದು ಯಾವಾಗ ಬೇಕು?

ಈ ವಾರ ಬೆಳೆ ಬಿಟ್ಟು ನಮ್ಮ ಕಾಲಿನ ಬಗ್ಗೆ ಮಾತಾಡೋಣ. ಯಲಬುರ್ಗಾ ಕಡೆ ಎರಿ ಹೊಲದಾಗ ಬರಿಗಾಲಲ್ಲೇ ದುಡಿಯೋರು ಇನ್ನೂ ಇದ್ದಾರೆ. ಅಂಗಾಲಿಗೆ ಗಟ್ಟಿ ಗಂಟು ಬಂತಂದ್ರೆ "ಆಣಿ ಆಗೇತಿ" ಅಂತ ಬ್ಲೇಡ್ ಹಿಡಿತೀವಿ. ಆದರೆ ಎಲ್ಲ ಗಂಟೂ ಆಣಿ ಅಲ್ಲ, ಕೆಲವು ನರಹುಲಿ.

ಗುರುತಿಸೋದು ಹೇಗೆ?

ಆಣಿ ಬರೋದು ಒತ್ತಡ, ತಿಕ್ಕಾಟದಿಂದ. ಮೇಲಿಂದ ಒತ್ತಿದರೆ ನೋವು ಜಾಸ್ತಿ. ನರಹುಲಿ ಬರೋದು ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್‌ನಿಂದ. ಇದನ್ನು ಎರಡೂ ಬದಿಯಿಂದ ಹಿಚುಕಿದರೆ ನೋವು ಜಾಸ್ತಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ಜೂಮ್ ಮಾಡಿ. ಚರ್ಮದ ಗೆರೆಗಳು ಗಂಟಿನ ಹತ್ತಿರ ಕಡಿದುಹೋಗಿ, ಒಳಗೆ ಕಪ್ಪು ಚುಕ್ಕಿಗಳಿದ್ದರೆ ಅದು ನರಹುಲಿ ಇರಬಹುದು. ಆ ಚುಕ್ಕಿಗಳು ಹೆಪ್ಪುಗಟ್ಟಿದ ಸಣ್ಣ ರಕ್ತನಾಳ. ಜಾಲಿಮುಳ್ಳಿನ ತುದಿ ಅಂತ ಪಿನ್ನಿನಿಂದ ಕೆದಕಬ್ಯಾಡ್ರಿ. ಕೆದಕಿದರೆ ವೈರಸ್ ಪಕ್ಕಕ್ಕೂ ಹರಡುತ್ತದೆ.

ಯಾವಾಗ ಬಿಡಬಹುದು?

ಬೆಂಡೆಯ ಹಳದಿ ನರ ರೋಗದ ವೈರಸ್ ಕೊಲ್ಲುವ ಸಿಂಪರಣೆ ಇಲ್ಲ ಅಂತ ನಿಮಗೆ ಗೊತ್ತು. ನರಹುಲಿಯ ಕಥೆಯೂ ಅದೇ. ಆದರೆ ನಮ್ಮ ದೇಹದ ರೋಗನಿರೋಧಕ ಶಕ್ತಿ ಬಹಳ ಸಲ ಅದನ್ನು ತಾನೇ ತೆಗೆದುಹಾಕುತ್ತದೆ. ಮಕ್ಕಳಲ್ಲಿ ಹೆಚ್ಚಿನವು 2 ವರ್ಷದೊಳಗೆ ಹೋಗುತ್ತವೆ, ದೊಡ್ಡವರಲ್ಲಿ ತಡ. ನೋವಿಲ್ಲ, ಹರಡುತ್ತಿಲ್ಲ ಅಂದ್ರೆ ಕಾಯಬಹುದು.

ಯಾವಾಗ ಮದ್ದು?

ನಡೆಯುವಾಗ ನೋವಾದರೆ, ಸಂಖ್ಯೆ ಹೆಚ್ಚಾದರೆ ಮದ್ದು ಮಾಡಿ. ಔಷಧಿ ಅಂಗಡಿಯಲ್ಲಿ ಸ್ಯಾಲಿಸಿಲಿಕ್ ಆಸಿಡ್ ಇರುವ ದ್ರಾವಣ ಸಿಗುತ್ತದೆ. ಕಾಲನ್ನು ಬೆಚ್ಚಗಿನ ನೀರಲ್ಲಿ 5-10 ನಿಮಿಷ ನೆನೆಸಿ, ಮೇಲಿನ ಸತ್ತ ಚರ್ಮ ಮೆಲ್ಲಗೆ ಉಜ್ಜಿ ತೆಗೆದು, ಗಂಟಿಗಷ್ಟೇ ಹಚ್ಚಿ. ಸುತ್ತಲ ಚರ್ಮಕ್ಕೆ ವ್ಯಾಸಲೀನ್ ಸವರಿ. ದಿನಾ ಮಾಡಿದರೂ 12 ವಾರ ಹಿಡಿಯಬಹುದು. ಕೇರುಬೀಜದ ಎಣ್ಣೆ ಮಾತ್ರ ಬ್ಯಾಡ, ಚರ್ಮ ಸುಟ್ಟು ಗುಳ್ಳೆ ಏಳ್ತಾವು.

ಇವರು ಮನೆಮದ್ದು ಮಾಡಲೇಬಾರದು

ಅಪ್ಪಗೋ ಅವ್ವಗೋ ಶುಗರ್ ಇದ್ದರೆ, ಪಾದಕ್ಕೆ ಸ್ಪರ್ಶ ಗೊತ್ತಾಗದಿದ್ದರೆ ಬ್ಲೇಡೂ ಬೇಡ, ಆಸಿಡ್ಡೂ ಬೇಡ. ಗೊತ್ತಾಗದ ಸಣ್ಣ ಗಾಯ ಕೀವಾಗಿ ಕಾಲನ್ನೇ ಕಳೆಯಬಹುದು. ಗಂಟಿನಿಂದ ರಕ್ತ ಬಂದರೆ, ಬಣ್ಣ ಬದಲಾದರೆ, ಬೇಗ ಬೆಳೆದರೆ ಯಾರೇ ಆಗಲಿ ತಾಲೂಕು ಆಸ್ಪತ್ರೆಗೆ ತೋರಿಸಿ. ಅಗತ್ಯವಿದ್ದರೆ ಅಲ್ಲಿಂದ ಕೊಪ್ಪಳದ ಚರ್ಮ ವೈದ್ಯರ ಹತ್ತಿರ ಹೋಗಿ.

ಮನೆಯಲ್ಲಿ ಒಬ್ಬರಿಗೆ ಇದ್ದರೆ ಟವೆಲ್, ಚಪ್ಪಲಿ ಬೇರೆ ಇಡಿ. ನೀರು ಹಾಯಿಸಿ ಬಂದ ಮೇಲೆ ಕಾಲು ತೊಳೆದು ಒಣಗಿಸಿ. ನೆನೆದ, ಒಡೆದ ಚರ್ಮದಲ್ಲೇ ಈ ವೈರಸ್ ಸುಲಭವಾಗಿ ಹೊಗುತ್ತದೆ.