ಪ್ರಾಜೆಕ್ಟ್ ರಿಪೋರ್ಟಿನ ಆ ನಂಬರ್ ಅಳೆದವರು ಯಾರು?

ಇವತ್ತಿನ ಮಾತು ಬಿಬಿಎ, ಬಿಕಾಂ ಓದೋ ಮಕ್ಕಳ ಗ್ರೂಪ್ ಪ್ರಾಜೆಕ್ಟ್ ಬಗ್ಗೆ. ನಮ್ಮ ಹಾಗೆ ಐಟಿ ಕೆಲಸಕ್ಕೆ ಅಂತ ಅಹಮದಾಬಾದ್, ವಡೋದರಾ, ಸೂರತ್ ಕಡೆ ಬಂದ ಕನ್ನಡದವರ ಮಕ್ಕಳು ಈಗ ಇಲ್ಲೇ ಡಿಗ್ರಿ ಓದ್ತಿದ್ದಾರೆ. 'ಸುಸ್ಥಿರ ಜಾಗತಿಕ ವ್ಯಾಪಾರ' ಅಂತ ವಿಷಯ ಕೊಟ್ಟು ಐದೈದು ಜನರ ಗುಂಪು ಮಾಡ್ತಾರೆ. ಆಮೇಲಿನ ಕಥೆ ನಿಮಗೂ ಗೊತ್ತು. ಒಬ್ಬರು ದುಡೀತಾರೆ, ಒಬ್ಬರು ಸ್ಲೈಡಿಗೆ ಬಣ್ಣ ಹಚ್ತಾರೆ, ಉಳಿದವರ ಹೆಸರು ಮೊದಲ ಪುಟದಲ್ಲಿರುತ್ತೆ. ನಾನು ನೋಡಿದ ಬಹಳಷ್ಟು ರಿಪೋರ್ಟುಗಳು ಕಂಪನಿ ವೆಬ್‌ಸೈಟಿನ ಹಸಿರು ಪುಟವನ್ನೇ ಮತ್ತೆ ಬರೆದ ಹಾಗಿದ್ದವು.

ಈ ಮಕ್ಕಳಿಗೆ ನಾನು ಹೇಳೋದು ಇಷ್ಟೇ. ಕಂಪನಿ ಎಷ್ಟು ಹೊಗೆ ಕಡಿಮೆ ಮಾಡ್ತು ಅಂತ ಬರೆಯೋ ಮೊದಲು, ಅದನ್ನ ಅಳೆದವರು ಯಾರು, ಅವರಿಗೆ ದುಡ್ಡು ಕೊಟ್ಟವರು ಯಾರು ಅಂತ ಕೇಳಿ.

ಇದಕ್ಕೆ ಗುಜರಾತಿನಲ್ಲೇ ದೊಡ್ಡ ಪಾಠ ಇದೆ. ಹೆಚ್ಚು ಮಾಲಿನ್ಯ ಮಾಡೋ ಕಾರ್ಖಾನೆಗಳಿಗೆ ಹೊರಗಿನವರಿಂದ ಆಡಿಟ್ ಆಗಬೇಕು ಅನ್ನೋ ವ್ಯವಸ್ಥೆ ಇಲ್ಲಿನ ಹೈಕೋರ್ಟ್ ಆದೇಶದಿಂದ 1996ರಲ್ಲೇ ಬಂತು. ಆದ್ರೆ ಆಗ ಆಡಿಟರನ್ನ ಆರಿಸ್ತಿದ್ದವರೂ ಫೀಸು ಕೊಡ್ತಿದ್ದವರೂ ಕಾರ್ಖಾನೆಯವರೇ! ನಾವು ಬರೆದ ಕೋಡಿಗೆ ನಾವೇ ಟೆಸ್ಟರ್ ಇಟ್ಟು, ಬಗ್ ಸಿಕ್ಕಿದ್ರೆ ಮುಂದಿನ ತಿಂಗಳು ಬರಬೇಡಪ್ಪ ಅಂದ ಹಾಗೆ.

2009ರಿಂದ ಎರಡು ವರ್ಷ ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಜೊತೆ ಸೇರಿ ಅಹಮದಾಬಾದ್, ಸೂರತ್ ಭಾಗದ 473 ಕಾರ್ಖಾನೆಗಳಲ್ಲಿ ಒಂದು ಪ್ರಯೋಗ ಮಾಡಿದ್ರು. ಹಳೆ ಪದ್ಧತಿಯ ಆಡಿಟರುಗಳ ಪ್ರಕಾರ ಹೊಗೆಯ ಕಣಗಳ ಮಿತಿ ದಾಟಿದ ಕಾರ್ಖಾನೆಗಳು ಶೇ 7 ಮಾತ್ರ. ಬೇರೆಯವರು ಹೋಗಿ ಅಳೆದಾಗ ಸಿಕ್ಕಿದ್ದು ಶೇ 59. ಆಡಿಟ್ ರೀಡಿಂಗುಗಳಲ್ಲಿ ಬಹುಪಾಲು 150ರ ಮಿತಿಗೆ ಸ್ವಲ್ಪ ಕೆಳಗೆ ಬಂದು ಗುಂಪಾಗಿ ಕೂತಿದ್ವು. ಜಸ್ಟ್ ಪಾಸ್!

ಒಂದಷ್ಟು ಕಾರ್ಖಾನೆಗಳಿಗೆ ನಿಯಮ ಬದಲಾಯ್ತು. ಆಡಿಟರ್ ಯಾರು ಅನ್ನೋದು ಚೀಟಿ ಎತ್ತಿದ ಹಾಗೆ ನಿರ್ಧಾರ, ಫೀಸು ಒಂದು ಸಾಮಾನ್ಯ ನಿಧಿಯಿಂದ, ಮೇಲಿಂದ ಮರುತಪಾಸಣೆ. ಆಡಿಟರುಗಳು ನಿಜ ಬರೆಯೋಕೆ ಶುರು ಮಾಡಿದ್ರು. ಕಾರ್ಖಾನೆಗಳ ಮಾಲಿನ್ಯವೂ ಇಳೀತು.

ಸೂರತ್ 2019ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಚಿಮಣಿಗೇ ಸೆನ್ಸರ್ ಕೂರಿಸಿ, ಒಟ್ಟು ಮಿತಿ ಹಾಕಿ, ಹೊಗೆ ಕಣಗಳ ಪರ್ಮಿಟ್ಟನ್ನ ಕಾರ್ಖಾನೆಗಳು ತಮ್ಮಲ್ಲೇ ಕೊಂಡು ಮಾರೋ ಮಾರುಕಟ್ಟೆ ಶುರುವಾಯ್ತು. ಕಣಗಳ ಹೊಗೆಗೆ ಇಂಥ ಮಾರುಕಟ್ಟೆ ಪ್ರಪಂಚದಲ್ಲೇ ಮೊದಲು. ಅದರೊಳಗಿದ್ದ ಕಾರ್ಖಾನೆಗಳ ಹೊಗೆ ಶೇ 20ರಿಂದ 30ರಷ್ಟು ಕಡಿಮೆಯಾಯ್ತು. ಇವುಗಳಲ್ಲಿ ಬಹುಪಾಲು ಜವಳಿ ಕಾರ್ಖಾನೆಗಳು. ನಮ್ಮ ಚಿಕ್ಕಪೇಟೆ ಅಂಗಡಿಗಳಲ್ಲಿ ಸೂರತ್ ಸೀರೆ ಬಿಡಿಸಿ ತೋರಿಸ್ತಾರಲ್ಲ, ಅಂಥ ಬಟ್ಟೆಗೆ ಬಣ್ಣ ಹಾಕೋ ಊರಿದು.

ಸರಿ, ಐದು ಹುಡುಗರು ಚಿಮಣಿ ಹತ್ತಿ ಅಳೆಯೋಕಾಗಲ್ಲ. ಆದ್ರೆ ದೊಡ್ಡ ಲಿಸ್ಟೆಡ್ ಕಂಪನಿಗಳು ಸೆಬಿ ನಿಯಮದಂತೆ ಪ್ರತಿ ವರ್ಷ ಬಿಆರ್‌ಎಸ್‌ಆರ್ ಅನ್ನೋ ವರದಿ ಕೊಡ್ಬೇಕು. ಪರಿಸರದ ಭಾಗದಲ್ಲಿ, ಹೊರಗಿನ ಸಂಸ್ಥೆ ಇದನ್ನ ಪರಿಶೀಲಿಸಿದೆಯಾ, ಆಗಿದ್ರೆ ಯಾವುದು ಅಂತ ಪ್ರಶ್ನೆ ಇರುತ್ತೆ. ವಡೋದರಾದ ಹುಡುಗರು ತಮ್ಮ ಸುತ್ತಮುತ್ತಲ ಎರಡು ಕೆಮಿಕಲ್ ಕಂಪನಿ ಹಿಡಿದು ಆ ಉತ್ತರವನ್ನ ಅಕ್ಕಪಕ್ಕ ಇಟ್ಟು ನೋಡಲಿ. ಅಲ್ಲಿ ಇನ್ನೂ ಒಂದು ಗಂಟಿದೆ. ಹಲವು ಕಾರ್ಖಾನೆಗಳ ತ್ಯಾಜ್ಯ ನೀರು 50 ಕಿ.ಮೀ.ಗೂ ಉದ್ದದ ಒಂದೇ ಕಾಲುವೆ ಹಿಡಿದು ಮಹಿ ನದಿಯ ಅಳಿವೆ ಕಡೆ ಹೋಗುತ್ತೆ. ಕೊನೆಯಲ್ಲಿ ನೀರು ಕೆಟ್ಟಿದ್ರೆ ಯಾರ ಲೆಕ್ಕಕ್ಕೆ ಬರೀತೀರಿ?

ಗುಂಪಲ್ಲಿ ಕೆಲಸ ಹಂಚೋದೂ ಇದರಿಂದ ಸುಲಭ. ಒಬ್ಬರಿಗೆ ಒಂದು ನಂಬರ್, ಅದರ ಮೂಲ ಹುಡುಕೋ ಜವಾಬ್ದಾರಿ ಅವರದೇ. ಮೂಲ ಸಿಗದೇ ಇದ್ರೆ 'ಸಿಗಲಿಲ್ಲ' ಅಂತಾನೇ ರಿಪೋರ್ಟಲ್ಲಿ ಬರೀಲಿ. ವೈವಾದಲ್ಲಿ ಎಕ್ಸಾಮಿನರ್ ಕೇಳೋದಾದ್ರೆ ಮೊದಲು ಅದನ್ನೇ ಕೇಳ್ತಾರೆ.